ಗಣಿ ಮುಚ್ಚಿದ ಮೇಲೆ ಉಳಿಯುವ ಋಣ

ಅಗೆಯುವುದೆಂಬ ಅರ್ಥವುಳ್ಳ ‘ಖನ್’ ಧಾತುವಿನಿಂದ ‘ಖನಿ’ ಶಬ್ದವೂ, ಅದರ ತದ್ಭವವಾಗಿ ‘ಗಣಿ’ ಶಬ್ದವೂ ಬಂದಿವೆ. ಅಗೆಯುವುದನ್ನು ಈ ಶಬ್ದವು ಹೇಳುತ್ತದೆ. ಅಗೆದ ಮೇಲೆ ಮಾಡಬೇಕಾದುದನ್ನು ಹೇಳುವುದಿಲ್ಲ. ಆ ಉತ್ತರಕರ್ತವ್ಯವು ಎಂತಹುದೆಂಬುದಕ್ಕೆ ಜರ್ಮನಿಯ ರೂರ್ ಪ್ರದೇಶವು ನಿದರ್ಶನವಾಗಿದೆ.

ಅಲ್ಲಿಯ ಎಸ್ಸೆನ್ ನಗರದ ಜೋಲ್‌ಫರೈನ್ ಕಲ್ಲಿದ್ದಲ ಗಣಿಯು ೧೮೪೭ರಲ್ಲಿ ಆರಂಭವಾಯಿತು. ೧೯೩೨ರಲ್ಲಿ ಕಾರ್ಯಾರಂಭ ಮಾಡಿದ ಅದರ ಹನ್ನೆರಡನೆಯ ಗಣಿಬಾವಿಯು ದಿನವೊಂದಕ್ಕೆ ಸುಮಾರು ೧೨,೦೦೦ ಟನ್ನು ಇದ್ದಲನ್ನು ಮೇಲೆತ್ತುತ್ತಿತ್ತು. ೧೯೮೬ರ ಡಿಸೆಂಬರಿನಲ್ಲಿ ಗಣಿಯು ಮುಚ್ಚಿತು. ಪಕ್ಕದ ಕೋಕ್ ಕಾರ್ಖಾನೆಯು ೧೯೯೩ರಲ್ಲಿ ನಿಂತಿತು. ಕಟ್ಟಡಗಳನ್ನು ಕೆಡವದೆ ಉಳಿಸಿಕೊಳ್ಳಲಾಯಿತು. ಇದ್ದಲು ಸಾಗಿದ ರೈಲು ಹಳಿಗಳ ನಡುವೆ ತಾವಾಗಿಯೇ ಹುಟ್ಟಿದ ಭೂರ್ಜವೃಕ್ಷಗಳನ್ನು ಕಡಿಯದೆ ಬೆಳೆಯಗೊಟ್ಟು ಉದ್ಯಾನವನ್ನಾಗಿಸಿದರು. ೨೦೦೧ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇದ್ದಲು ತೊಳೆಯುತ್ತಿದ್ದ ಕಟ್ಟಡದಲ್ಲಿ ೨೦೧೦ರಲ್ಲಿ ರೂರ್ ವಸ್ತುಸಂಗ್ರಹಾಲಯವು ತೆರೆಯಿತು.

ಇದು ಉದ್ಧಾರಕಾರ್ಯದಲ್ಲಿ ಕಣ್ಣಿಗೆ ಕಾಣುವ ಭಾಗ; ಕಾಣದ ಭಾಗವು ನೆಲದಡಿಯಲ್ಲಿದೆ. ಇದ್ದಲು ತೆಗೆದ ಸುರಂಗಗಳು ಕುಸಿದಂತೆ ಮೇಲಿನ ನೆಲವೂ ಕುಸಿಯಿತು. ರೂರ್ ಪ್ರದೇಶದ ಕೆಲವೆಡೆ ಈ ತಗ್ಗು ೨೦ ಮೀಟರನ್ನೂ ಮೀರಿದೆ. ಹೀಗೆ ತಗ್ಗಿದ ನೆಲದಿಂದ ನೀರು ತಾನಾಗಿ ಹರಿದು ಹೋಗಲಾರದು. ಪಂಪುಗಳು ನಿಂತರೆ ಜನವಸತಿಯೇ ಜಲಾವೃತವಾಗುವುದು. ಆಳದ ಗಣಿಗಳಲ್ಲಿ ಊರುವ ಲವಣಜಲವು ಕುಡಿಯುವ ನೀರಿನ ಪದರವನ್ನು ಮುಟ್ಟದಂತೆ ಅದನ್ನೂ ಎತ್ತುತ್ತಿರಬೇಕು. ಈ ಕೆಲಸಕ್ಕೆ ಅವಧಿಯೆಂಬುದಿಲ್ಲ. ಆದುದರಿಂದಲೇ ಜರ್ಮನರು ಇದನ್ನು ಅನಂತಕಾಲದ ಕರ್ತವ್ಯವೆಂದು ಕರೆದಿದ್ದಾರೆ.

ಅದರ ವೆಚ್ಚಕ್ಕಾಗಿ ೨೦೦೭ರಲ್ಲಿಯೇ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ ಮೂಲಧನವನ್ನು ಬೆಳೆಸಲಾಯಿತು. ದೇಶದ ಕೊನೆಯ ಕಲ್ಲಿದ್ದಲ ಗಣಿಯು ೨೦೧೮ರ ಡಿಸೆಂಬರಿನಲ್ಲಿ ಮುಚ್ಚಿತು. ೨೦೧೯ರಿಂದ ವೆಚ್ಚದ ಭಾರವನ್ನು ಆ ಪ್ರತಿಷ್ಠಾನವು ವಹಿಸಿಕೊಂಡಿತು. ದುಡಿಯುವ ಕಾಲದಲ್ಲಿಯೇ ಋಣವನ್ನೆಣಿಸಿ ಹಣವನ್ನು ತೆಗೆದಿಟ್ಟುದೇ ಇಲ್ಲಿಯ ವಿವೇಕ.

ನೆಲವು ಕುಸಿಯುತ್ತಿದ್ದುದರಿಂದ ಒಳಚರಂಡಿ ಹಾಕಲಾಗದೆ, ಎಂಷರ್ ನದಿಯನ್ನೇ ಕಾಂಕ್ರೀಟಿನ ತೆರೆದ ಕೊಳಚೆಗಾಲುವೆಯನ್ನಾಗಿ ಮಾಡಿದ್ದರು. ಗಣಿಗಾರಿಕೆಯು ಹಿಂದೆ ಸರಿದ ಬಳಿಕ, ೧೯೯೨ರಲ್ಲಿ ಅದರ ಶುದ್ಧೀಕರಣವು ಮೊದಲಾಯಿತು. ನೆಲದಡಿಯಲ್ಲಿ ಸುಮಾರು ೫೧ ಕಿಲೋಮೀಟರ್ ಉದ್ದದ ಕೊಳವೆಮಾರ್ಗವು ನಿರ್ಮಾಣಗೊಂಡು, ೨೦೨೧ರ ಅಂತ್ಯಕ್ಕೆ ನದಿಯು ಕೊಳಚೆಮುಕ್ತವಾಯಿತು. ಕೆಡಿಸಿದ ನದಿಯೊಂದನ್ನು ಮರಳಿ ಪಡೆಯಲು ಮೂವತ್ತು ವರ್ಷಗಳು ಬೇಕಾದುವು.

ಕನ್ನಡನಾಡಿಗೂ ಈ ಪಾಠವು ದೂರದ್ದಲ್ಲ. ಕೋಲಾರದ ಗಣಿಯಲ್ಲಿ ತೆಗೆದುದು ಇದ್ದಲಲ್ಲ, ಚಿನ್ನ. ೨೦೦೧ರಲ್ಲಿ ಅದು ಮುಚ್ಚಿದ ಮೇಲೆಯೂ ಸಯನೈಡಿನಿಂದ ಚಿನ್ನವನ್ನು ಬೇರ್ಪಡಿಸಿದ ಮಣ್ಣಿನ ದಿಬ್ಬಗಳು ಉಳಿದುವು. ಬೇಸಗೆಯ ಗಾಳಿಗೆ ಅವುಗಳ ಧೂಳು ಮನೆಗಳೊಳಕ್ಕೆ ಬರುತ್ತದೆ. ಚಿನ್ನವು ದೇಶಾಂತರಕ್ಕೆ ಹೋಯಿತು. ಧೂಳು ಊರವರ ಪಾಲಿಗೆ ಬಂದಿತು. ಭೂಮಿಯಿಂದ ಪಡೆದವನು ಭೂಮಿಗೆ ಸಲ್ಲಿಸುವುದನ್ನು ಮೊದಲೇ ನಿಶ್ಚಯಿಸದಿದ್ದರೆ, ಆ ಸಾಲವನ್ನು ಪಡೆಯದವರು ತೀರಿಸಬೇಕಾಗುವುದು.