ಸ್ವತಂತ್ರ ಗಾಯಕಿ, ಸ್ವಂತ ಸ್ವತ್ತು: ಇಮೋಜನ್ ಹೀಪ್ ಅವರ ವೃತ್ತಿಜೀವನದ ಲೆಕ್ಕಪತ್ರ

ತೆರಿಗೆ, ಸುಂಕ, ಬ್ಯಾಂಕ್ ಸಾಲಗಳನ್ನು ಕುರಿತು ಈ ಮಾಸಪತ್ರಿಕೆಗೆ ಬರೆಯುವುದು ನನ್ನ ರೂಢಿ. ಈ ಸಲ ಇಂಗ್ಲೆಂಡಿನ ಪಾಪ್ ಗಾಯಕಿಯೊಬ್ಬರನ್ನು ಕುರಿತು ಬರೆಯುತ್ತಿರುವುದಕ್ಕೆ ಸದಸ್ಯ ಬಂಧುಗಳು ಅಚ್ಚರಿಪಡಬಹುದು. ಆಕೆಯ ಸಂಗೀತದ ಗುಣದೋಷಗಳನ್ನು ತೂಗುವ ಅರ್ಹತೆ ನನಗಿಲ್ಲ. ಮನೆಯಲ್ಲಿ ಮಗಳು ಕೇಳುತ್ತಿದ್ದ ಹಾಡೊಂದರ ನೆಪದಿಂದ ಆಕೆಯ ಕಥೆ ನನಗೆ ತಿಳಿಯಿತು. ಹಾಡನ್ನು ಬರೆದು, ಹಾಡಿ, ವಾದ್ಯ ನುಡಿಸಿ, ಧ್ವನಿಮುದ್ರಿಸಿ, ನಿರ್ಮಾಪಕಿಯ ಹೊಣೆಯನ್ನೂ ತಾನೇ ಹೊತ್ತವರು ಇಮೋಜನ್ ಹೀಪ್. ತಮ್ಮ 26ನೆಯ ವಯಸ್ಸಿನಲ್ಲಿ ವಾಸದ ಫ್ಲಾಟನ್ನು ಮರಳಿ ಅಡಮಾನವಿಟ್ಟು, ಆ ಹಣದಲ್ಲಿ ಒಂದು ಆಲ್ಬಂ ತಯಾರಿಸಿದರು.

ಅಂಥ ಕಡತ ನನ್ನ ಮೇಜಿಗೆ ಬಂದಿದ್ದರೆ ನಾನು ಖಂಡಿತ ‘ಬೇಡ’ ಎಂದು ಬರೆಯುತ್ತಿದ್ದೆ. ಇದನ್ನು ಊಹೆಯಿಂದ ಹೇಳುತ್ತಿಲ್ಲ. 2006ರಲ್ಲಿ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಮಾಲೀಕರೊಬ್ಬರು, ನನ್ನ ಹಳೆಯ ಕಕ್ಷಿದಾರರು, ಇಂಥದೇ ಪ್ರಸ್ತಾವದೊಂದಿಗೆ ನನ್ನ ಬಳಿಗೆ ಬಂದಿದ್ದರು. ಅವರಿಗೆ ನಾನು ‘ಬೇಡ’ ಎಂದೇ ಹೇಳಿದೆ. ಆ ಸಲಹೆ ಸರಿಯಾಗಿತ್ತೇ ಎಂಬ ಸಂದೇಹವೇ ಈ ಲೇಖನಕ್ಕೆ ಕಾರಣ.

ಎರಡು ಕಂಪನಿ, ಎರಡು ಹಿನ್ನಡೆ

ಹೀಪ್ ಅವರು 1977ರ ಡಿಸೆಂಬರ್ 9ರಂದು ಲಂಡನ್ನಿನ ಪೂರ್ವ ಅಂಚಿನ ರಾಮ್‌ಫರ್ಡ್ ಪ್ರದೇಶದಲ್ಲಿ ಜನಿಸಿದರು. ಎಳವೆಯಲ್ಲಿ ಪಿಯಾನೊ, ಚೆಲ್ಲೊ, ಕ್ಲಾರಿನೆಟ್ ಕಲಿತರು. ವಸತಿಶಾಲೆಯಲ್ಲಿದ್ದಾಗ ಅಟಾರಿ ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸುವ ವಿದ್ಯೆಯನ್ನು ತಾವಾಗಿಯೇ ರೂಢಿಸಿಕೊಂಡರು. ಈ ವಿದ್ಯೆಯೇ ಮುಂದೆ ಆಕೆಯ ನಿಜವಾದ ಬಂಡವಾಳವಾಯಿತು.

ಹದಿಹರೆಯದ ಕೊನೆಯಲ್ಲಿ ಆಲ್ಮೊ ಸೌಂಡ್ಸ್ ಎಂಬ ಕಂಪನಿಯೊಡನೆ ಒಪ್ಪಂದವಾಯಿತು. 1998ರಲ್ಲಿ ‘ಐಮೆಗಾಫೋನ್’ ಎಂಬ ಮೊದಲ ಆಲ್ಬಂ ಹೊರಬಂದಿತು. ಇಂಗ್ಲಿಷಿನಲ್ಲಿ ತಮ್ಮ ಹೆಸರಿನ ಹತ್ತು ಅಕ್ಷರಗಳನ್ನೇ ಸ್ಥಾನಪಲ್ಲಟ ಮಾಡಿ ಆಕೆ ಈ ಶೀರ್ಷಿಕೆಯನ್ನು ಕಟ್ಟಿದ್ದರು. ಮುಂದೆ ಆ ಕಂಪನಿ ದೊಡ್ಡ ಸಂಸ್ಥೆಯೊಂದರ ಪಾಲಾಯಿತು. ಎರಡನೆಯ ಆಲ್ಬಂ ಹೊರಬರುವ ಮೊದಲೇ ಹೀಪ್ ಒಪ್ಪಂದವಿಲ್ಲದೆ ಉಳಿದರು. ಬಳಿಕ ನಿರ್ಮಾಪಕ ಗೈ ಸಿಗ್ಸ್‌ವರ್ತ್ ಅವರೊಡನೆ ‘ಫ್ರೂ ಫ್ರೂ’ ಎಂಬ ಜೋಡಿಯಾಗಿ, ಐಲೆಂಡ್ ರೆಕಾರ್ಡ್ಸ್ ಮೂಲಕ 2002ರಲ್ಲಿ ‘ಡೀಟೇಲ್ಸ್’ ಎಂಬ ಆಲ್ಬಂ ತಂದರು. ವಿಮರ್ಶಕರು ಮೆಚ್ಚಿದರೂ ಮಾರಾಟ ನಿರೀಕ್ಷೆಯ ಮಟ್ಟ ತಲುಪಲಿಲ್ಲ. 2003ರ ಅಂತ್ಯಕ್ಕೆ ಆ ಕಂಪನಿಯೂ ಮುಂದಿನ ಆಲ್ಬಮ್ಮಿಗೆ ಒಪ್ಪಲಿಲ್ಲ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಆ ಎರಡನೆಯ ಆಲ್ಬಮ್ಮಿನ ‘ಲೆಟ್ ಗೋ’ ಎಂಬ ಹಾಡನ್ನು 2004ರಲ್ಲಿ ‘ಗಾರ್ಡನ್ ಸ್ಟೇಟ್’ ಎಂಬ ಅಮೆರಿಕನ್ ಚಲನಚಿತ್ರದಲ್ಲಿ ಬಳಸಲಾಯಿತು. ಅದು ಬಹಳ ಜನಪ್ರಿಯವಾಯಿತು. ಸರಕಿನಲ್ಲಿ ದೋಷವಿರಲಿಲ್ಲ. ಆದರೆ ಸರಕು ಪೇಟೆಯಲ್ಲಿ ನೆಲೆಯೂರಲು ಬೇಕಾದಷ್ಟು ಕಾಲ ಕಾಯುವ ವ್ಯವಧಾನ ಕಂಪನಿಗೆ ಇರಲಿಲ್ಲ.

ಪ್ಯಾಟರ್ನ್ ಯಾರದು?

ಧ್ವನಿಮುದ್ರಣ ಕಂಪನಿಗಳ ರೂಢಿಯ ಒಪ್ಪಂದ ನಮ್ಮ ಜಾಬ್ ವರ್ಕ್ ವ್ಯವಹಾರದಿಂದ ಹೆಚ್ಚು ಭಿನ್ನವಲ್ಲ. ಕಂಪನಿ ಗಾಯಕನಿಗೆ ಮುಂಗಡ ನೀಡಿ, ಧ್ವನಿಮುದ್ರಣದ ವೆಚ್ಚವನ್ನು ಮೊದಲು ತಾನು ಭರಿಸುತ್ತದೆ. ತರುವಾಯ ಗಾಯಕನ ಪಾಲಿನ ರಾಯಲ್ಟಿಯಿಂದ ಆ ಮೊತ್ತವನ್ನು ಮುರಿದುಕೊಳ್ಳುತ್ತದೆ. ಮುಂಗಡ ಪೂರ್ತಿ ತೀರುವವರೆಗೆ ಗಾಯಕನ ಕೈಗೆ ಬೇರೇನೂ ಬಾರದು. ವಿಶೇಷವೆಂದರೆ, ವೆಚ್ಚ ಗಾಯಕನ ಪಾಲಿನಿಂದಲೇ ವಸೂಲಾದ ಮೇಲೂ ಮೂಲ ಮುದ್ರಿಕೆ, ಅಂದರೆ ‘ಮಾಸ್ಟರ್’, ಕಂಪನಿಯ ಸ್ವತ್ತಾಗಿಯೇ ಉಳಿಯುತ್ತದೆ.

ಫೌಂಡ್ರಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಕ ಹೊಯ್ಯುವವರು ನಾವು, ಕುಲುಮೆ ನಮ್ಮದು, ವಿದ್ಯುತ್ ಬಿಲ್ಲು ನಮ್ಮದು. ಪ್ಯಾಟರ್ನ್ ಮಾತ್ರ ಗಿರಾಕಿಯದು. ಅದರ ವೆಚ್ಚವನ್ನು ಕೆಲವೊಮ್ಮೆ ನಮ್ಮ ಬಿಲ್ಲಿನಲ್ಲಿಯೇ ಕಂತುಕಂತಾಗಿ ಮುರಿದುಕೊಂಡಿರುತ್ತಾರೆ. ಗಿರಾಕಿ ಮನಸ್ಸು ಬದಲಿಸಿದ ದಿನ ಲಾರಿ ಬಂದು ಪ್ಯಾಟರ್ನ್‌ಗಳನ್ನು ಹೇರಿಕೊಂಡು ಹೋಗುತ್ತದೆ.

ಹಾಡಿನಲ್ಲಿ ಹಕ್ಕುಗಳು ಎರಡು. ಸಾಹಿತ್ಯ ಮತ್ತು ರಾಗ ಸಂಯೋಜನೆಯದು ಒಂದು. ಮುದ್ರಿತ ಧ್ವನಿಯದು ಇನ್ನೊಂದು. ಮೊದಲನೆಯದು ನಕ್ಷೆ, ಎರಡನೆಯದು ಪ್ಯಾಟರ್ನ್. ಎರಡೂ ತನ್ನ ಕೈಯಲ್ಲಿರುವ ಗಾಯಕನೇ ನಿಜವಾದ ಅರ್ಥದಲ್ಲಿ ಸ್ವತಂತ್ರ.

ಅಡಮಾನ ಮತ್ತು ಗಡುವು

2003ರ ಡಿಸೆಂಬರಿನಲ್ಲಿ ಹೀಪ್ ತಮ್ಮ ಅಂತರಜಾಲ ತಾಣದಲ್ಲಿ ಮುಂದಿನ ಆಲ್ಬಮ್ಮನ್ನು ತಾವೇ ನಿರ್ಮಿಸುವುದಾಗಿ ಪ್ರಕಟಿಸಿದರು. ಫ್ಲಾಟಿನ ಅಡಮಾನದಿಂದ ಬಂದ ಹಣ ಸ್ಟುಡಿಯೋ ಬಾಡಿಗೆಗೆ ಹಾಗೂ ವಾದ್ಯೋಪಕರಣಗಳಿಗೆ ವಿನಿಯೋಗವಾಯಿತು. ನನ್ನ ಗಮನ ಸೆಳೆದದ್ದು ಆಕೆಯ ಧೈರ್ಯಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ಮೊದಲ ಹಾಡು ಸಿದ್ಧವಾಗುವ ಮುನ್ನವೇ, ಆಲ್ಬಮ್ಮಿಗೆ ಅಂತಿಮ ಸಂಸ್ಕರಣ ನೀಡುವ ಸ್ಟುಡಿಯೋದಲ್ಲಿ ಒಂದು ವರ್ಷದ ನಂತರದ ದಿನಾಂಕವನ್ನು ಆಕೆ ಕಾದಿರಿಸಿಬಿಟ್ಟಿದ್ದರು. ಹಣಕ್ಕೆ ಮಿತಿ ಹಾಕುವವರನ್ನು ನಾನು ಬಹಳ ಕಂಡಿದ್ದೇನೆ. ಕಾಲಕ್ಕೆ ಹೀಗೆ ಮಿತಿ ಹಾಕಿಕೊಂಡವರನ್ನು ಕಂಡದ್ದು ವಿರಳ. ಸಾಲದ ಹಣದಲ್ಲಿ ಯಂತ್ರ ತಂದು, ಪ್ರಾಯೋಗಿಕ ಉತ್ಪಾದನೆಯಲ್ಲಿಯೇ ಮೂರು ವರ್ಷ ಕಳೆದು, ಬಡ್ಡಿಯಲ್ಲಿ ಮುಳುಗಿದ ಘಟಕಗಳು ನಮ್ಮಲ್ಲಿ ಎಷ್ಟಿಲ್ಲ!

ಎರಡನೆಯದಾಗಿ, ರಚನೆ, ಗಾಯನ, ಧ್ವನಿಮುದ್ರಣ, ನಿರ್ಮಾಣ, ಬಹುಪಾಲು ಎಲ್ಲವನ್ನೂ ಆಕೆಯೇ ಮಾಡಬಲ್ಲವರಾಗಿದ್ದರು. ಹೊರಗಿನ ತಜ್ಞರಿಗೆ ಸಲ್ಲಬೇಕಾದ ವೆಚ್ಚ ಹೀಗೆ ಉಳಿಯಿತು. ‘ಹೈಡ್ ಅಂಡ್ ಸೀಕ್’ ಎಂಬ ಹಾಡಿನ ಹುಟ್ಟನ್ನು ಆಕೆ ಸಂದರ್ಶನಗಳಲ್ಲಿ ವಿವರಿಸಿದ್ದಾರೆ. ಒಂದು ರಾತ್ರಿ ಕಂಪ್ಯೂಟರು ಕೆಟ್ಟುನಿಂತಿತು. ಆ ದಿನದ ಬಾಡಿಗೆ ವ್ಯರ್ಥವಾಗಬಾರದೆಂದು, ಒಂದೇ ಕಂಠವನ್ನು ಹಲವು ಕಂಠಗಳ ಮೇಳವಾಗಿಸುವ ‘ಹಾರ್ಮನೈಸರ್’ ಎಂಬ ಸಣ್ಣ ಉಪಕರಣವನ್ನು ಹಿಡಿದು ಆಕೆ ಹಾಡತೊಡಗಿದರು. ತಬಲೆಯಿಲ್ಲ, ಗಿಟಾರಿಲ್ಲ, ಇಡೀ ಹಾಡು ಕಂಠದಿಂದಲೇ ಆಯಿತು. ವೆಚ್ಚಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಅತ್ಯಂತ ಕಡಿಮೆ ಕಚ್ಚಾಮಾಲಿನಿಂದ ತಯಾರಾದ ಸರಕೇ ಆಕೆಯ ಅತ್ಯಮೂಲ್ಯ ಸ್ವತ್ತಾಯಿತು.

ಮಾರಾಟವಲ್ಲ, ಪರವಾನಗಿ

2005ರ ಮೇ ತಿಂಗಳಲ್ಲಿ ಅಮೆರಿಕದ ‘ದಿ ಓ.ಸಿ.’ ಎಂಬ ದೂರದರ್ಶನ ಧಾರಾವಾಹಿಯ ಎರಡನೆಯ ಸರಣಿಯ ಕೊನೆಯ ಕಂತಿನಲ್ಲಿ ಈ ಹಾಡು ಪ್ರಸಾರವಾಯಿತು. ಬೇಡಿಕೆ ಒಮ್ಮೆಲೇ ಏರಿತು. ಜುಲೈನಲ್ಲಿ ‘ಸ್ಪೀಕ್ ಫಾರ್ ಯುವರ್‌ಸೆಲ್ಫ್’ ಎಂಬ ಆ ಆಲ್ಬಂ ಬ್ರಿಟನ್ನಿನಲ್ಲಿ ಆಕೆಯದೇ ‘ಮೆಗಾಫೋನಿಕ್’ ಹೆಸರಿನಲ್ಲಿ ಬಿಡುಗಡೆಗೊಂಡಿತು.

ಅಮೆರಿಕದಂಥ ವಿಶಾಲ ಪೇಟೆಯಲ್ಲಿ ವಿತರಣೆಯ ಜಾಲ ಕಟ್ಟುವುದು ಒಬ್ಬರಿಂದ ಆಗುವ ಕೆಲಸವಲ್ಲ. ಕೈಯಲ್ಲಿ ಸಾಲವಿದ್ದಾಗ ದೊಡ್ಡ ಕಂಪನಿಯೊಂದು ಬಾಗಿಲಿಗೆ ಬಂದರೆ ಒಟ್ಟು ಬೆಲೆಗೆ ಮಾರಿಬಿಡುವ ಆಸೆ ಯಾರಿಗೂ ಸಹಜ. ಹೀಪ್ ಮಾರಲಿಲ್ಲ. ಅಮೆರಿಕದ ಬಿಡುಗಡೆಗಾಗಿ ಆರ್.ಸಿ.ಎ. ವಿಕ್ಟರ್ ಸಂಸ್ಥೆಗೆ ಪರವಾನಗಿ ನೀಡಿದರು. ಬಾಡಿಗೆದಾರ ಅಂಗಡಿಯನ್ನು ಬಳಸಬಹುದು, ಅಂಗಡಿಯ ಮಾಲೀಕನಾಗಲಾರ. ಪರವಾನಗಿಯ ಸ್ವರೂಪವೂ ಇಷ್ಟೇ.

ಇದರ ಫಲ ಅಂದೇ ಕಾಣಲಿಲ್ಲ. 2009ರಲ್ಲಿ ಜೇಸನ್ ಡೆರೂಲೊ ಎಂಬ ಅಮೆರಿಕನ್ ಗಾಯಕ ‘ಹೈಡ್ ಅಂಡ್ ಸೀಕ್’ ಹಾಡಿನ ತುಣುಕನ್ನು ತನ್ನ ‘ವಾಚಾ ಸೇ’ ಹಾಡಿನಲ್ಲಿ ಬಳಸಿದ. ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ರಚನೆಕಾರರ ಸಾಲಿನಲ್ಲಿ ಹೀಪ್ ಹೆಸರೂ ದಾಖಲಾಯಿತು. ಇಂಥ ಬಳಕೆಗೆ ಮೇಲೆ ಹೇಳಿದ ಎರಡೂ ಹಕ್ಕುಗಳ ಅನುಮತಿ ಬೇಕಾಗುತ್ತದೆ. 2018ರಲ್ಲಿ ಅರಿಯಾನಾ ಗ್ರಾಂಡೆ ಅದೇ ಆಲ್ಬಮ್ಮಿನ ಇನ್ನೊಂದು ಹಾಡನ್ನು ಆಧರಿಸಿ ಹಾಡಿದರು. 2024-25ರಲ್ಲಿ ಅದೇ ಆಲ್ಬಮ್ಮಿನ ‘ಹೆಡ್‌ಲಾಕ್’ ಕಿರು ವಿಡಿಯೋಗಳ ಮೂಲಕ ಹೊಸ ಪೀಳಿಗೆಯ ಕಿವಿಗೆ ಬಿದ್ದಿತು. ನನ್ನ ಮಗಳು ಕೇಳುತ್ತಿದ್ದುದು ಆ ಹಾಡನ್ನೇ. ಒಂದು ವರ್ಷದ ದುಡಿಮೆ ಇಪ್ಪತ್ತು ವರ್ಷಗಳ ನಂತರವೂ ಫಲ ಕೊಡುತ್ತಿದೆ.

ನಡುವೆ 2009ರಲ್ಲಿ ಬಂದ ‘ಎಲಿಪ್ಸ್’ ಅಮೆರಿಕದ ಆಲ್ಬಂ ಪಟ್ಟಿಗೆ ಐದನೆಯ ಸ್ಥಾನದಲ್ಲಿ ಪ್ರವೇಶಿಸಿತು. ಅದರ ಧ್ವನಿಮುದ್ರಣ ಕೌಶಲಕ್ಕೆ 2010ರಲ್ಲಿ ಆಕೆಗೆ ಗ್ರ್ಯಾಮಿ ಪ್ರಶಸ್ತಿ ಸಂದಿತು. ಟೇಲರ್ ಸ್ವಿಫ್ಟ್ ಅವರ ‘1989’ ಆಲ್ಬಮ್ಮಿನ ‘ಕ್ಲೀನ್’ ಹಾಡಿಗೆ ಹೀಪ್ ಸಹ ರಚನೆಕಾರ್ತಿ, ಸಹ ನಿರ್ಮಾಪಕಿ. ಆ ಸ್ವಿಫ್ಟ್ ಅವರ ಕಥೆಯೂ ಇಲ್ಲಿ ಪ್ರಸ್ತುತ. ಅವರ ಮೊದಲ ಆರು ಆಲ್ಬಮ್ಮುಗಳ ಮೂಲ ಮುದ್ರಿಕೆಗಳು ಕಂಪನಿಯ ಸ್ವತ್ತಾಗಿದ್ದವು. 2019ರಲ್ಲಿ ಕಂಪನಿಯೇ ಕೈಬದಲಾದಾಗ ಮುದ್ರಿಕೆಗಳೂ ಪರರ ಪಾಲಾದವು. ಅವುಗಳಲ್ಲಿ ನಾಲ್ಕನ್ನು ಅವರು 2021ರಿಂದ 2023ರ ಅವಧಿಯಲ್ಲಿ ಮತ್ತೆ ಹಾಡಿ ಹೊರತಂದರು. ಮೂಲ ಮುದ್ರಿಕೆಗಳನ್ನು ಕೊಂಡುಕೊಂಡದ್ದು 2025ರಲ್ಲಿ. ಜಗತ್ಪ್ರಸಿದ್ಧ ಗಾಯಕಿಯೇ ತನ್ನ ಪ್ಯಾಟರ್ನನ್ನು ಹಣ ತೆತ್ತು ಬಿಡಿಸಿಕೊಳ್ಳಬೇಕಾಯಿತು.

ಹೀಪ್ ಹಿಡಿದ ಎಲ್ಲ ಕೆಲಸವೂ ಫಲಿಸಿತೆಂದು ಹೇಳಲಾಗದು. ಗ್ರಾಹಕರ ಹಣ ಕಲಾವಿದರಿಗೆ ನೇರವಾಗಿ, ತಾನಾಗಿಯೇ ಹಂಚಿಕೆಯಾಗಲೆಂದು 2015ರಲ್ಲಿ ‘ಟೈನಿ ಹ್ಯೂಮನ್’ ಎಂಬ ಹಾಡನ್ನು ಬ್ಲಾಕ್‌ಚೈನ್ ತಂತ್ರಜ್ಞಾನದ ಮೂಲಕ ಮಾರಿದರು. ಪತ್ರಿಕೆಗಳಲ್ಲಿ ಸುದ್ದಿಯಾದಷ್ಟು ಮಾರಾಟ ಆಗಲಿಲ್ಲ. ಕೈಚಲನೆಯಿಂದ ಸಂಗೀತ ನುಡಿಸುವ ಕೈಗವಸುಗಳ ಅಭಿವೃದ್ಧಿಗೂ ವರ್ಷಗಟ್ಟಲೆ ಶ್ರಮಿಸಿದರು. ಹಳೆಯ ಸ್ವತ್ತಿನ ಆದಾಯ ಬೆನ್ನಿಗಿದ್ದವರು ಇಂಥ ಪ್ರಯೋಗಗಳ ನಷ್ಟವನ್ನು ತಾಳಿಕೊಳ್ಳಬಲ್ಲರು.

ಕಾನೂನು ಮತ್ತು ಲೆಕ್ಕಪತ್ರ

ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ರಚನೆಯ ಹಕ್ಕು ರಚನೆಕಾರರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ನಂತರ 60 ವರ್ಷ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿಯಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. 2012ರ ತಿದ್ದುಪಡಿ ಚಿತ್ರಗೀತೆಗಳ ಸಾಹಿತಿ ಮತ್ತು ಸಂಯೋಜಕರ ರಾಯಲ್ಟಿಯ ಹಕ್ಕನ್ನು ಭದ್ರಪಡಿಸಿತು. ತಯಾರಕರಾದ ನಮಗೆ 1999ರ ವ್ಯಾಪಾರಚಿಹ್ನೆ ಅಧಿನಿಯಮವೂ 2000ದ ವಿನ್ಯಾಸ ಅಧಿನಿಯಮವೂ ಇವೆ. ವ್ಯಾಪಾರಚಿಹ್ನೆಯ ನೋಂದಣಿ ಹತ್ತು ವರ್ಷ, ಮತ್ತೆ ಮತ್ತೆ ನವೀಕರಿಸಬಹುದು. ವಿನ್ಯಾಸಕ್ಕೆ ಹತ್ತು ವರ್ಷ, ಜೊತೆಗೆ ಇನ್ನೈದು.

ಲೆಕ್ಕ ಪರಿಶೋಧಕರ ತೊಡಕು ಬೇರೆ. ಲೆಕ್ಕಪತ್ರ ಮಾನಕ 26ರ ಪ್ರಕಾರ, ಸಂಸ್ಥೆ ತಾನೇ ಬೆಳೆಸಿದ ಬ್ರ್ಯಾಂಡನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಅದನ್ನು ಬೆಳೆಸಲು ತಂದ ಸಾಲ ಮಾತ್ರ ಹೊಣೆಯ ಬದಿಯಲ್ಲಿ ಎದ್ದು ಕಾಣುತ್ತದೆ. 2006ರಲ್ಲಿ ನಾನು ನೋಡಿದ್ದು ಆ ಬದಿಯನ್ನಷ್ಟೇ.

‘ಬೇಡ’ ಎನ್ನುವ ಮೊದಲು

ಆ ಕಕ್ಷಿದಾರರು ಮನೆಯನ್ನು ಅಡವಿಟ್ಟು, ಸ್ವಂತ ಪ್ಯಾಟರ್ನ್ ಮಾಡಿಸಿ, ಸ್ವಂತ ಹೆಸರಿನಲ್ಲಿ ಪಂಪ್ ತಯಾರಿಸಬೇಕೆಂದಿದ್ದರು. ಗಿರಾಕಿಯ ಆರ್ಡರು ಕೈತುಂಬ ಇರುವಾಗ ಈ ಸಾಹಸವೇಕೆ ಎಂದೆ. ನನ್ನ ಮಾತಿಗೆ ಬೆಲೆ ಕೊಟ್ಟು ಸುಮ್ಮನಾದರು. 2013ರಲ್ಲಿ ಆ ಗಿರಾಕಿ ಸಂಸ್ಥೆ ಖರೀದಿಯನ್ನು ಬೇರೆ ರಾಜ್ಯಕ್ಕೆ ವರ್ಗಾಯಿಸಿ ಪ್ಯಾಟರ್ನ್‌ಗಳನ್ನು ಮರಳಿ ಪಡೆಯಿತು. ಒಪ್ಪಂದದಂತೆ ಅದು ಅವರ ಹಕ್ಕೇ ಆಗಿತ್ತು. ನಲವತ್ತು ಜನ ದುಡಿಯುತ್ತಿದ್ದ ಶೆಡ್ಡಿನಲ್ಲಿ ಒಂಬತ್ತು ಜನ ಉಳಿದರು. ಅವರ ಮನೆ ಉಳಿಯಿತು, ನಿಜ. ಅವರು ನನ್ನನ್ನು ಒಮ್ಮೆಯೂ ದೂರಲಿಲ್ಲ. ಪ್ರತಿ ವರ್ಷ ಲೆಕ್ಕಪತ್ರ ತಂದು ಮುಂದಿಡುವಾಗ ಆ ವಿಷಯ ಎತ್ತುವುದೂ ಇಲ್ಲ.

ಇದನ್ನೋದಿ ಯಾರೂ ನಾಳೆಯೇ ಮನೆಯ ಕಾಗದಪತ್ರ ಹಿಡಿದು ಬ್ಯಾಂಕಿಗೆ ಹೋಗಬಾರದು. ಗೆದ್ದವರ ಕಥೆ ನಮ್ಮ ಕಿವಿಗೆ ಬೀಳುತ್ತದೆ. ಮನೆ ಕಳೆದುಕೊಂಡವರದನ್ನು ಯಾರೂ ಬರೆಯುವುದಿಲ್ಲ. ಸಣ್ಣ ಉದ್ದಿಮೆಗಳಿಗೆ ಆಧಾರವಿಲ್ಲದೆ ಸಾಲ ದೊರೆಯಲೆಂದು 2000ದಲ್ಲಿ ಸ್ಥಾಪನೆಯಾದ ಸಾಲ ಖಾತರಿ ನಿಧಿಯ ಯೋಜನೆಯಿದೆ. ಮೊದಲು ಅದನ್ನು ವಿಚಾರಿಸಬೇಕು. ಆದರೆ ಇಂದು ಅಂಥ ಕಡತ ಬಂದರೆ ‘ಬೇಡ’ ಎನ್ನುವ ಮೊದಲು ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ.

1. ಈ ಹಣದಿಂದ ಹುಟ್ಟುವ ಸ್ವತ್ತು ಲಿಖಿತವಾಗಿ ನಿಮ್ಮದಾಗುತ್ತದೆಯೇ?
2. ಕೆಲಸ ಮುಗಿಯುವ ದಿನಾಂಕ ನಿಗದಿಯಾಗಿದೆಯೇ? ಅಂದು ಮುಗಿಯದಿದ್ದರೆ ನಿಲ್ಲಿಸುವಿರಾ?
3. ಕೆಲಸದ ಮುಖ್ಯ ಭಾಗ ನಿಮ್ಮ ಕೈಗೇ ಬರುತ್ತದೆಯೇ, ಅಥವಾ ಪ್ರತಿಯೊಂದಕ್ಕೂ ಪರರನ್ನು ಅವಲಂಬಿಸಬೇಕೇ?
4. ದೊಡ್ಡ ಖರೀದಿದಾರ ಬಂದಾಗ ಏನನ್ನು ಬಾಡಿಗೆಗೆ ಕೊಡುವಿರಿ, ಏನನ್ನು ಎಂದಿಗೂ ಮಾರಲಾರಿರಿ?

ಹೀಪ್ ಅವರ ಬಳಿ ನಾಲ್ಕಕ್ಕೂ ಉತ್ತರವಿತ್ತು. ನನ್ನ ಕಕ್ಷಿದಾರರ ಬಳಿಯೂ ಇದ್ದಿರಬಹುದು. ನಾನು ಕೇಳಲಿಲ್ಲ.

ಸದಸ್ಯರಲ್ಲಿ ಒಂದು ವಿನಂತಿ. ಈ ವರ್ಷದ ಲೆಕ್ಕಪತ್ರ ಮುಗಿಸುವಾಗ ಪ್ರತ್ಯೇಕ ಹಾಳೆಯೊಂದರಲ್ಲಿ, ಅಢಾವೆ ಪತ್ರಿಕೆಯಲ್ಲಿ ಕಾಣದ ನಿಮ್ಮ ಸ್ವತ್ತುಗಳನ್ನು ಪಟ್ಟಿ ಮಾಡಿರಿ: ಹೆಸರು, ವಿನ್ಯಾಸ, ಪ್ಯಾಟರ್ನ್, ಸೂತ್ರ. ಪ್ರತಿಯೊಂದರ ಮುಂದೆ ಅದರ ಮಾಲೀಕರ ಹೆಸರನ್ನು ಬರೆಯಿರಿ. ಎಷ್ಟು ಕಡೆ ನಿಮ್ಮ ಹೆಸರಿದೆಯೆಂದು ಎಣಿಸಿ, ಆ ಹಾಳೆಯನ್ನು ನಿಮ್ಮ ಲೆಕ್ಕ ಪರಿಶೋಧಕರಿಗೂ ತೋರಿಸಿರಿ.