ನಿಪ್ಪಾಣಿಯಲ್ಲಿ ಶೂನ್ಯ ಟಿಕೆಟ್, ನಮ್ಮಲ್ಲಿ?

ಬೀಡಿ ಕಟ್ಟುವ ನಮ್ಮ ಮನೆಗಳಿಗೆ ನಿಪ್ಪಾಣಿ ಅಂದ್ರೆ ತಂಬಾಕಿನ ಊರು. ಅಲ್ಲಿ ತಂಬಾಕಿನ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಸಾಕು, ಶೂನ್ಯ ಟಿಕೆಟ್. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆ ಇದು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದಲ್ಲೂ ಹಾಗೆಯೇ. ಆ ಕಡೆ ಬಸ್ ಅಂದ್ರೆ ಹೆಚ್ಚಾಗಿ ವಾಯವ್ಯ ಕರ್ನಾಟಕ ಸಾರಿಗೆಯ ಸರ್ಕಾರಿ ಬಸ್ಸೇ. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ಸಂಸ್ಥೆ. ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ, ಚಿಕ್ಕೋಡಿ ಅದರದ್ದೊಂದು ವಿಭಾಗ. ಹುಬ್ಬಳ್ಳಿ-ಧಾರವಾಡ, ಬೆಳಗಾವಿಯ ನಗರ ಸಾರಿಗೆಯೂ ಅದರದ್ದೇ.

ಮಂಗಳೂರಿನಲ್ಲಿ ಸಿಟಿ ಬಸ್‌ಗಳು ಹೆಚ್ಚಿನವು ಖಾಸಗಿ. ಅವುಗಳಲ್ಲಿ ಶಕ್ತಿ ನಡೆಯೋದಿಲ್ಲ. ಅದೇ ತಂಬಾಕಿನ ಬೀಡಿ ಕಟ್ಟುವ ಉಮ್ಮ ಮಗುವನ್ನು ವೆನ್ಲಾಕ್‌ಗೆ ಕರಕೊಂಡು ಹೋಗಬೇಕಾದರೆ ಹೋಗಲಿಕ್ಕೂ ಬರಲಿಕ್ಕೂ ಕೈಯಿಂದಲೇ ಕೊಡಬೇಕು. ಖಾಸಗಿಯವರನ್ನು ದೂರುವ ಮಾತಲ್ಲ ಇದು; ಇಷ್ಟು ವರ್ಷ ನಮ್ಮನ್ನು ಹೊತ್ತವರು ಅವರೇ. ಆದರೆ ಸರ್ಕಾರಿ ಬಸ್ ಇನ್ನಷ್ಟು ಬೇಕೆಂದು ನಾವು ಕೇಳಿದ್ದು ಕಡಿಮೆ.

ಪರವಾನಗಿ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಮಾಅತ್ ಕಮಿಟಿಗಳು ಮನವಿ ಬರೆಯುವಾಗ ‘ಬಸ್ ಬೇಕು’ ಅಂತ ಮಾತ್ರ ಬರೆದರೆ ಸಾಲದು. ಯಾವ ರೂಟ್, ಬೆಳಿಗ್ಗೆ ಎಷ್ಟು ಗಂಟೆಗೆ, ಎಷ್ಟು ಹೆಂಗಸರು ಹೋಗುತ್ತಾರೆ, ಅದನ್ನೂ ಬರೆಯೋಣ.