ಒಂದೇ ಕಿವಿ ಮಂದವೆ? ಅವಸರ ಬೇಡ, ಅಸಡ್ಡೆಯೂ ಬೇಡ!

ಕೆ.ಆರ್.ಪೇಟೆ ಬಸ್ ಸ್ಟ್ಯಾಂಡು. ಕಂಡಕ್ಟರ್ "ನಾಗಮಂಗ್ಲ, ನಾಗಮಂಗ್ಲ" ಎಂದು ಕೂಗುವುದು ಬಲಗಿವಿಗೆ ಕೇಳುತ್ತದೆ, ಎಡಗಿವಿಗಿಲ್ಲ. "ಗುಗ್ಗೆ ಇರ್ಬೇಕು ಬಿಡಿ" ಎಂದು ಎಣ್ಣೆ ಬಿಟ್ಟುಕೊಂಡು ವರ್ಷ ದೂಡುವವರುಂಟು.

ಅನೇಕ ಸಲ ಅದು ಗುಗ್ಗೆಯೇ. ಆದರೆ ಒಂದೇ ಕಿವಿ ಮಂದವಾಗಿ, ಒಳಗೆ ಗುಂಯ್ ಎನ್ನುತ್ತ, ನಡೆದರೆ ಓಲಾಡುವಂತಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು. ಶ್ರೀರಂಗಪಟ್ಟಣದವರಿಗಂತೂ ಅದು ಕೂಗಳತೆ. ಆಮೇಲೆ ಎಂ.ಆರ್.ಐ. ವರ್ಷಕ್ಕೆ ಲಕ್ಷದಲ್ಲಿ ಒಬ್ಬಿಬ್ಬರಿಗೆ, ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಂಟು ಕಾಣುತ್ತದೆ. ಕ್ಯಾನ್ಸರ್ ಅಲ್ಲ.

ಪೀಕಲಾಟ ಶುರುವಾಗುವುದೇ ಇಲ್ಲಿ. ಸಣ್ಣ ಗಂಟಾದರೆ ಆಗಾಗ ಸ್ಕ್ಯಾನ್ ಮಾಡಿಸುತ್ತ ಕಾಯಬಹುದು. ಎಷ್ಟೋ ಗಂಟು ಬೆಳೆಯುವುದೇ ಇಲ್ಲ. ಬೆಳೆದರೆ ಕಿರಣ ಚಿಕಿತ್ಸೆ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1968ರಲ್ಲಿ ಬಳಕೆಗೆ ತಂದ 'ಗಾಮಾ ನೈಫ್' ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಹೆಸರಿಗಷ್ಟೇ ಚಾಕು, ತಲೆ ಕೊಯ್ಯುವುದಿಲ್ಲ. ಆದರೆ ಕಿರಣ ಗಂಟನ್ನು ತೆಗೆಯುವುದೂ ಇಲ್ಲ, ಸ್ವಾಮಿ! ಬೆಳೆಯದಂತೆ ತಡೆಯುತ್ತದೆ, ಅದೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ. ಹೋದ ಕಿವಿ ಬರುವುದಿಲ್ಲ. ಉಳಿದದ್ದೂ ವರ್ಷ ಕಳೆದಂತೆ ಇಳಿಯಬಹುದು. ಗಂಟು 3 ಸೆಂಟಿಮೀಟರ್ ದಾಟಿ ಮಿದುಳನ್ನು ಒತ್ತುತ್ತಿದ್ದರೆ ಸಾಮಾನ್ಯವಾಗಿ ಆಪರೇಷನ್ನೇ ಗತಿ.

"ಹೋದ ಸಲಕ್ಕಿಂತ ಎಷ್ಟು ಬೆಳೆದಿದೆ? ಕಾದರೆ ಏನು ನಷ್ಟ?" ಡಾಕ್ಟರರನ್ನು ಕೇಳಬೇಕಾದ್ದು ಇದು. ಪಾಂಡವಪುರದಲ್ಲಿ ಬೆಂಗಳೂರು ರೈಲು ಹತ್ತುವಾಗ ಹಳೇ ಸ್ಕ್ಯಾನ್ ಫಿಲಂ ಚೀಲದಲ್ಲಿರಲಿ.